ಟೈಲ್ಸ್ ಹುಡುಗರು ಊರು ಬಿಟ್ಟ ರಾತ್ರಿ: ರಾಜ್ಯದ ಕೈಯಲ್ಲಿ ನಿಜಕ್ಕೂ ಏನೂ ಇಲ್ಲವೇ?

ಸವಣೂರಿನಿಂದ ಕಾಕಾ ಫೋನ್ ಮಾಡಿದ್ದರು. ಹೊಸ ಮನೆ ಕಟ್ಟಿಸುತ್ತಿದ್ದಾರೆ. ಟೈಲ್ಸ್ ಹಾಕಲು ನಾಲ್ಕು ಹುಡುಗರು ಬಂದಿದ್ದರು, ಪಶ್ಚಿಮ ಬಂಗಾಳದ ಮಾಲ್ದಾ ಜಿಲ್ಲೆಯವರು. ಹುಬ್ಬಳ್ಳಿಯ ಮೇಸ್ತ್ರಿಯೊಬ್ಬ ಕಳಿಸಿದ್ದ. ಒಂದು ಸಂಜೆ ಓಣಿಯ ಮೂವರು ಹುಡುಗರು ಮೊಬೈಲ್ ಹಿಡಿದುಕೊಂಡು ಬಂದು, ವಿಡಿಯೊ ಮಾಡುತ್ತಲೇ "ಬಾಂಗ್ಲಾದವ್ರೇನು ನೀವು? ಆಧಾರ್ ತೋರಿಸ್ರಿ" ಅಂದರಂತೆ. ಅವರು ತೋರಿಸಿದರು. "ಇದು ಡೂಪ್ಲಿಕೇಟ್ ಇರ್ತೈತಿ" ಅಂತ ಇವರು ಹೊರಟುಹೋದರು. ಬೆಳಗ್ಗೆ ನೋಡಿದರೆ ಟೈಲ್ಸ್ ಹುಡುಗರು ಊರಲ್ಲಿ ಇರಲಿಲ್ಲ. ಪಡಸಾಲೆ ಅರ್ಧ ಮುಗಿದಿತ್ತು. ಒಂದು ವಾರದ ಕೂಲಿ ಕಾಕಾನ ಹತ್ತಿರವೇ ಉಳಿದಿತ್ತು.

ಕಾಕಾಗೆ ಬೇಜಾರಾಗಿದ್ದು ಟೈಲ್ಸ್‌ ಬಗ್ಗೆ ಅಂದುಕೊಂಡೆ. ಅವರು ಕೇಳಿದ್ದು ಬೇರೆ. "ಅಲ್ಲೋ, ನೀ ಇದನ್ನೆಲ್ಲಾ ಬರಿಯಾಂವ. ಅವ್ರು ನಮ್ಮ ದೇಶದವ್ರು ಹೌದೋ ಅಲ್ಲೋ ಅಂತ ತಿಳ್ಕೊಳ್ಳಾಕ ನಾ ಯಾರ್‍ನ ಕೇಳಬೇಕಿತ್ತು?"

ನನಗೆ ಉತ್ತರ ಗೊತ್ತಿರಲಿಲ್ಲ. ಈ ಅಂಕಣ ಆ ಉತ್ತರದ ಹುಡುಕಾಟ.

ಅಮೆರಿಕದ ರೀಲ್ಸ್ ಮತ್ತು ನಮ್ಮ ಸಂವಿಧಾನ

ನಿಮ್ಮಲ್ಲಿ ಬಹಳ ಜನ ಅಮೆರಿಕದ ವಲಸೆ ಪೊಲೀಸರ ವಿಡಿಯೊಗಳನ್ನು ನೋಡಿರುತ್ತೀರಿ. 2025ರ ಫೆಬ್ರುವರಿ 5ರಂದು 104 ಭಾರತೀಯರನ್ನು ಹೊತ್ತ ಅಮೆರಿಕದ ಸೇನಾ ವಿಮಾನ ಅಮೃತಸರದಲ್ಲಿ ಇಳಿದಾಗ, ಕೈಗೆ ಕೋಳ, ಕಾಲಿಗೆ ಸರಪಳಿ ಹಾಕಿ ಕರೆತಂದರು ಎಂದು ನಾವೆಲ್ಲ ಸಿಟ್ಟಾಗಿದ್ದೆವು. ಅಲ್ಲಿ ಕೆಲವು ರಾಜ್ಯಗಳು ಕೇಂದ್ರಕ್ಕೆ ಅಡ್ಡ ನಿಂತಿವೆ. ಕ್ಯಾಲಿಫೋರ್ನಿಯಾ 2017ರಲ್ಲೇ ಕಾನೂನು ಮಾಡಿ, ಕೇಂದ್ರದ ವಲಸೆ ಕಾರ್ಯಾಚರಣೆಗೆ ತನ್ನ ಪೊಲೀಸರನ್ನು ಬಳಸುವುದಕ್ಕೆ ಮಿತಿ ಹಾಕಿತು. ಅದೇ ವರ್ಷ ಇಲಿನಾಯ್ ಕೂಡ ಅಂಥದ್ದೇ ಕಾನೂನು ತಂದಿತು. ಅವರಿಗೆ ಅದು ಸಾಧ್ಯವಾದದ್ದು ಯಾಕೆಂದರೆ, ರಾಜ್ಯದ ಪೊಲೀಸರಿಗೆ ಕೇಂದ್ರ ತನ್ನ ಕೆಲಸ ಹಚ್ಚುವಂತಿಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 1997ರಲ್ಲೇ ಹೇಳಿದೆ.

ಕರ್ನಾಟಕ ಹಾಗೆ ಮಾಡಬಹುದೇ? ಇಲ್ಲ. ಇದನ್ನು ಮೊದಲೇ ಒಪ್ಪಿಕೊಂಡುಬಿಡೋಣ. ನಮ್ಮಲ್ಲಿ ಪೌರತ್ವ, ವಿದೇಶಿಯರು, ವೀಸಾ, ಗಡೀಪಾರು ಎಲ್ಲವೂ ಕೇಂದ್ರ ಪಟ್ಟಿಯ 17 ಮತ್ತು 19ನೇ ನಮೂದುಗಳಲ್ಲಿವೆ. ವಿದೇಶಿಯನನ್ನು ಹೊರಹಾಕುವ ಕೇಂದ್ರದ ಅಧಿಕಾರಕ್ಕೆ ಮಿತಿಯಿಲ್ಲ ಎಂದು ಸುಪ್ರೀಂ ಕೋರ್ಟ್ 1955ರಲ್ಲಿ ಹ್ಯಾನ್ಸ್ ಮುಲ್ಲರ್ ಪ್ರಕರಣದಲ್ಲಿ ಹೇಳಿತು. ಸಂಸತ್ತಿನ ಕಾನೂನನ್ನು ರಾಜ್ಯ ಪಾಲಿಸಲೇಬೇಕು ಎನ್ನುತ್ತದೆ 256ನೇ ವಿಧಿ.

ಆದರೆ ಕಥೆ ಇಲ್ಲಿಗೆ ಮುಗಿಯುವುದಿಲ್ಲ. ಕಾನೂನು ದಿಲ್ಲಿಯದ್ದು, ಬಾಗಿಲು ತಟ್ಟುವ ಕೈ ಮಾತ್ರ ಬೆಂಗಳೂರಿನದ್ದು. ಪೊಲೀಸ್ ಮತ್ತು ಸಾರ್ವಜನಿಕ ಸುವ್ಯವಸ್ಥೆ ರಾಜ್ಯ ಪಟ್ಟಿಯ ವಿಷಯಗಳು. ಜಿಲ್ಲೆಗಳಲ್ಲಿ ವಿದೇಶಿಯರ ನೋಂದಣಾಧಿಕಾರಿ ಅಂದರೆ ಆ ಜಿಲ್ಲೆಯ ಎಸ್‌ಪಿ. ವಿದೇಶಿಯರ ಕಾಯ್ದೆಯ ಅಧಿಕಾರಗಳನ್ನು ಕೇಂದ್ರ 1958ರಲ್ಲಿ ರಾಜ್ಯಗಳಿಗೆ ವಹಿಸಿದ್ದು 258ನೇ ವಿಧಿಯ ಮೂಲಕ. ಆ ವಿಧಿಯಲ್ಲಿ "ರಾಜ್ಯ ಸರ್ಕಾರದ ಒಪ್ಪಿಗೆಯೊಂದಿಗೆ" ಎಂಬ ಮಾತಿದೆ. ಅಂದರೆ ಯಾರನ್ನು ಹಿಡಿಯಬೇಕು, ಯಾವ ಆಧಾರದ ಮೇಲೆ, ಹಿಡಿದ ಮೇಲೆ ವಕೀಲ ಸಿಗುತ್ತಾನೋ ಇಲ್ಲವೋ ಎಂಬುದೆಲ್ಲ ದಿನನಿತ್ಯ ತೀರ್ಮಾನ ಆಗುವುದು ರಾಜ್ಯದ ಠಾಣೆಗಳಲ್ಲಿ. "ಅದು ಕೇಂದ್ರದ ವಿಷಯರೀ" ಎನ್ನುವ ಮಂತ್ರಿಯ ಮಾತು ಅರ್ಧ ಸತ್ಯ.

ಮುಂಡಗೋಡದ ಬಸ್ಸು

ರಾಜ್ಯ ಮನಸ್ಸು ಮಾಡಿದರೆ ಏನಾಗುತ್ತದೆ ಅನ್ನುವುದನ್ನು ನೋಡಲು ನಮ್ಮ ಭಾಗದವರು ದೂರ ಹೋಗಬೇಕಿಲ್ಲ. ನಾನು ಹಾನಗಲ್ಲ ತಾಲ್ಲೂಕಿನವನು. ಇಂಜಿನಿಯರಿಂಗ್ ಓದಲು ಹುಬ್ಬಳ್ಳಿಗೆ ಹೋಗುವಾಗ ಎಷ್ಟೋ ಸಲ ಮುಂಡಗೋಡ, ತಡಸದ ದಾರಿಯಲ್ಲಿ ಹೋಗಿದ್ದೇನೆ. ಮುಂಡಗೋಡದಲ್ಲಿ ಕೆಂಪು ನಿಲುವಂಗಿಯ ಬಿಕ್ಕುಗಳು ಬಸ್ಸು ಹತ್ತುತ್ತಿದ್ದರು, ಸರಾಗವಾಗಿ ಕನ್ನಡದಲ್ಲಿ ಟಿಕೆಟ್ ಕೇಳುತ್ತಿದ್ದರು. ಅವರು ಕಾನೂನಿನ ಲೆಕ್ಕದಲ್ಲಿ ವಿದೇಶಿಯರು ಎಂಬುದು ನನಗೆ ಡಿಗ್ರಿ ಮುಗಿಯುವವರೆಗೂ ಹೊಳೆದಿರಲಿಲ್ಲ.

ಮುಂಡಗೋಡದ ಟಿಬೆಟನ್ ನೆಲೆ ಶುರುವಾಗಿದ್ದು 1966ರಲ್ಲಿ. ಆಗ ಮುಖ್ಯಮಂತ್ರಿ ಎಸ್. ನಿಜಲಿಂಗಪ್ಪ. ನಿರಾಶ್ರಿತರನ್ನು ದೇಶದೊಳಗೆ ಬಿಟ್ಟುಕೊಂಡಿದ್ದು ಕೇಂದ್ರ. ಭೂಮಿ ಕೊಟ್ಟಿದ್ದು ರಾಜ್ಯ, ಯಾಕೆಂದರೆ ಭೂಮಿ ರಾಜ್ಯ ಪಟ್ಟಿಯ ವಿಷಯ. ಬೈಲಕುಪ್ಪೆಯ ಎರಡು, ಹುಣಸೂರು, ಕೊಳ್ಳೇಗಾಲದ ಒಡೆಯರಪಾಳ್ಯ, ಮುಂಡಗೋಡ ಸೇರಿ ರಾಜ್ಯದಲ್ಲಿ ಐದು ನೆಲೆಗಳಿವೆ. ನೋಂದಣಿ ಪತ್ರ ಕಾಲಕಾಲಕ್ಕೆ ನವೀಕರಿಸಬೇಕು, ಆದರೆ ನೆಲೆ ಇದೆ, ಶಾಲೆ ಇದೆ, ಆಸ್ಪತ್ರೆ ಇದೆ. 2013ರಲ್ಲಿ ಟಿಬೆಟನ್ ಧರ್ಮಗುರು ಲಿಂಗ್ ರಿನ್‌ಪೊಚೆ ಅವರ ಪಾಸ್‌ಪೋರ್ಟ್ ಪ್ರಕರಣದಲ್ಲಿ ಕರ್ನಾಟಕ ಹೈಕೋರ್ಟ್, 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಭಾರತದಲ್ಲಿ ಹುಟ್ಟಿದ ಟಿಬೆಟನ್ನರು ಹುಟ್ಟಿನಿಂದಲೇ ಭಾರತದ ಪೌರರು ಎಂದಿತು.

ಆರು ದಶಕಗಳಲ್ಲಿ ಮುಂಡಗೋಡದ ಪಕ್ಕದ ಹಾನಗಲ್ಲ, ಶಿಗ್ಗಾವಿಗೆ ಇದರಿಂದ ಏನೂ ಕೆಟ್ಟದ್ದಾಗಲಿಲ್ಲ. ವ್ಯಾಪಾರ ಬೆಳೆಯಿತು, ಅಷ್ಟೇ.

ಅದೇ ರಾಜ್ಯದ ಇನ್ನೊಂದು ಮುಖ

2020ರ ಜನವರಿಯಲ್ಲಿ ನಾನು ಬೆಂಗಳೂರಿನ ಹೊರವರ್ತುಲ ರಸ್ತೆಯ ಕಂಪನಿಯೊಂದರಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತಿದ್ದೆ. ಆಫೀಸಿಗೆ ಹತ್ತಿರದಲ್ಲೇ ಕರಿಯಮ್ಮನ ಅಗ್ರಹಾರ. "ಬಾಂಗ್ಲಾದೇಶಿಗಳು" ಎಂದು ಹೇಳುವ ವಿಡಿಯೊವೊಂದು ಹರಿದಾಡಿತು. ಕೆಲವೇ ದಿನಗಳಲ್ಲಿ ಜೆಸಿಬಿ ಬಂದು ನೂರಾರು ಗುಡಿಸಲುಗಳನ್ನು ಕೆಡವಿತು. ಅಲ್ಲಿದ್ದವರ ಕೈಯಲ್ಲಿ ಆಧಾರ್ ಇತ್ತು, ವೋಟರ್ ಐಡಿ ಇತ್ತು. ಅಸ್ಸಾಂ, ತ್ರಿಪುರಾ, ಬಂಗಾಳದವರ ಜೊತೆಗೆ ನಮ್ಮ ಉತ್ತರ ಕರ್ನಾಟಕದವರೂ ಇದ್ದರು. ಆಮೇಲೆ ಹೈಕೋರ್ಟ್ ತೆರವಿಗೆ ತಡೆ ಕೊಟ್ಟು, ಪುನರ್ವಸತಿ ಬಗ್ಗೆ ಸರ್ಕಾರವನ್ನು ಕೇಳಿತು. ಮಧ್ಯಾಹ್ನ ಊಟಕ್ಕೆ ಇಳಿದಾಗ ಒಬ್ಬ ಹೆಂಗಸು ಮುರಿದ ತಗಡಿನ ಕೆಳಗಿನಿಂದ ಪಾತ್ರೆ ಎಳೆಯುತ್ತ ನಮ್ಮ ಕಡೆಯ ಕನ್ನಡದಲ್ಲೇ ಬೈಯುತ್ತಿದ್ದಳು. ನಾನು ಕೆಲಸ ಬಿಟ್ಟು ಈ ಕಡೆ ಬರಲು ಕಾರಣ ಹಲವು. ಅದರಲ್ಲಿ ಆ ಬೈಗುಳವೂ ಒಂದು.

ಅದಕ್ಕೆ ಸ್ವಲ್ಪ ಮೊದಲು ನೆಲಮಂಗಲ ಬಳಿಯ ಸೊಂಡೆಕೊಪ್ಪದಲ್ಲಿ ರಾಜ್ಯದ ಮೊದಲ ವಿದೇಶಿಯರ ಬಂಧನ ಕೇಂದ್ರ ಸಿದ್ಧವಾಗಿತ್ತು. ಮೊದಲು ಅದು ಸಮಾಜ ಕಲ್ಯಾಣ ಇಲಾಖೆಯ ವಿದ್ಯಾರ್ಥಿನಿಲಯ. ಮಕ್ಕಳು ಓದಲೆಂದು ಕಟ್ಟಿದ ಕಟ್ಟಡಕ್ಕೆ ಎತ್ತರದ ಗೋಡೆ, ಮುಳ್ಳುತಂತಿ ಬಂತು. ಆಗ ರಾಜ್ಯದ ಗೃಹ ಸಚಿವರು ಬಸವರಾಜ ಬೊಮ್ಮಾಯಿ, ನಮ್ಮ ಶಿಗ್ಗಾವಿ ಕ್ಷೇತ್ರದ ಶಾಸಕರು. ಆ ಕ್ಷೇತ್ರದಲ್ಲಿ ಸವಣೂರೂ ಸೇರುತ್ತದೆ. ಕಾಕಾ ಓಟು ಹಾಕುವುದು ಅಲ್ಲೇ.

2021ರ ಹೊತ್ತಿಗೆ ಬೊಮ್ಮಾಯಿಯವರೇ ಮುಖ್ಯಮಂತ್ರಿ. ಆ ಅಕ್ಟೋಬರ್‌ನಲ್ಲಿ ನಡೆದದ್ದನ್ನು ಯಾರೂ ಹೆಚ್ಚು ಗಮನಿಸಲಿಲ್ಲ. ಬೆಂಗಳೂರಿನಲ್ಲಿ ಗುರುತಿಸಲಾದ 72 ರೋಹಿಂಗ್ಯಾಗಳನ್ನು ಗಡೀಪಾರು ಮಾಡುವ ತಕ್ಷಣದ ಯೋಜನೆ ಇಲ್ಲ ಎಂದು ರಾಜ್ಯ ಸುಪ್ರೀಂ ಕೋರ್ಟಿಗೆ ಪ್ರಮಾಣಪತ್ರ ಸಲ್ಲಿಸಿತು. ಗದ್ದಲವಾಯಿತು. ಕೆಲವೇ ದಿನಗಳಲ್ಲಿ ಪರಿಷ್ಕೃತ ಪ್ರಮಾಣಪತ್ರ ಹೋಯಿತು: ಕೋರ್ಟ್ ಏನು ಹೇಳುತ್ತದೋ ಅದನ್ನು ಪಾಲಿಸುತ್ತೇವೆ. ನಾನು ಇದನ್ನು ಬೊಮ್ಮಾಯಿಯವರನ್ನು ಹಂಗಿಸಲು ಹೇಳುತ್ತಿಲ್ಲ. ಯಾವ ಪಕ್ಷದ ಸರ್ಕಾರವೇ ಇರಲಿ, ರಾಜ್ಯಕ್ಕೆ ತನ್ನದೇ ಒಂದು ನಿಲುವು ತೆಗೆದುಕೊಳ್ಳುವ ಜಾಗ ಇದೆ ಎಂಬುದಕ್ಕೆ ಮೊದಲ ಪ್ರಮಾಣಪತ್ರ ಸಾಕ್ಷಿ. ಆ ಜಾಗ ಎಷ್ಟು ಬೇಗ ಕುಗ್ಗುತ್ತದೆ ಎಂಬುದಕ್ಕೆ ಎರಡನೆಯದು.

ಹೊಸ ಕಾನೂನು, ಹಳೆಯ ಜೂನ್ 1

2025ರ ಸೆಪ್ಟೆಂಬರ್ 1ರಿಂದ ವಲಸೆ ಮತ್ತು ವಿದೇಶಿಯರ ಕಾಯ್ದೆ ಜಾರಿಯಲ್ಲಿದೆ. 1946ರ ವಿದೇಶಿಯರ ಕಾಯ್ದೆ ಸೇರಿ ನಾಲ್ಕು ಹಳೆಯ ಕಾನೂನುಗಳು ಹೋದವು. ಒಂದು ಸಂಗತಿ ಮಾತ್ರ ಹೋಗಲಿಲ್ಲ: ನೀನು ವಿದೇಶಿ ಎಂದು ಸರ್ಕಾರ ಹೇಳಿದರೆ, ಅಲ್ಲ ಎಂದು ರುಜುವಾತು ಮಾಡುವ ಹೊರೆ ನಿನ್ನದೇ. ಕೊಲೆ ಆರೋಪಿಗೂ ಈ ಹೊರೆ ಇಲ್ಲ.

ರುಜುವಾತು ಹೇಗೆ? ಆಧಾರ್ ನಡೆಯುವುದಿಲ್ಲ. ಆಧಾರ್ ಪೌರತ್ವದ ದಾಖಲೆ ಅಲ್ಲ ಎಂದು ಆಧಾರ್ ಕಾಯ್ದೆಯ 9ನೇ ಸೆಕ್ಷನ್ನೇ ಹೇಳುತ್ತದೆ. 1987ರ ಜುಲೈ 1ಕ್ಕೆ ಮೊದಲು ಇಲ್ಲಿ ಹುಟ್ಟಿದವರಿಗೆ ಹುಟ್ಟು ಸಾಕು. ನನ್ನ ವಯಸ್ಸಿನವರು, ಅಂದರೆ ಅದಾದ ಮೇಲೆ ಹುಟ್ಟಿದವರು, ಅಪ್ಪ ಅಥವಾ ಅಮ್ಮ ಪೌರರು ಎಂದು ತೋರಿಸಬೇಕು. 2004ರ ಡಿಸೆಂಬರ್ 3ರಿಂದ ಈಚೆಗೆ ಹುಟ್ಟಿದ್ದರೆ ಇಬ್ಬರ ಲೆಕ್ಕವನ್ನೂ ಕೊಡಬೇಕು: ಒಬ್ಬರು ಪೌರರು, ಇನ್ನೊಬ್ಬರು ಪೌರರು ಅಥವಾ ಕನಿಷ್ಠ ಅಕ್ರಮ ವಲಸಿಗರಲ್ಲ ಎಂದು. ಇದನ್ನು ಓದುತ್ತಿರುವ ಕಾಲೇಜು ಹುಡುಗ ಹುಡುಗಿಯರೇ, ಆ ಸಾಲು ನಿಮ್ಮದು.

ಈಗ ನಮ್ಮ ಅಪ್ಪನ ಹುಟ್ಟಿದ ದಿನ ಕೇಳಿ: ಜೂನ್ 1. ಕಾಕಾನದ್ದೂ ಜೂನ್ 1. ಹಿರೇಕೆರೂರಿನಲ್ಲಿರುವ ಅತ್ತೆಯದ್ದೂ ಜೂನ್ 1. ಒಂದೇ ಮನೆಯಲ್ಲಿ ಮೂರು ಮಕ್ಕಳು ಒಂದೇ ತಾರೀಖಿಗೆ ಹುಟ್ಟಿದ್ದು ಪವಾಡವೇನಲ್ಲ. ಶಾಲೆಗೆ ಸೇರಿಸುವಾಗ ಮಾಸ್ತರು ಬರೆದುಕೊಂಡಿದ್ದೇ ತಾರೀಖು. ಹೆಸರಿನ ಕಾಗುಣಿತ ರೇಷನ್ ಕಾರ್ಡಿನಲ್ಲಿ ಒಂದು, ಪಹಣಿಯಲ್ಲಿ ಇನ್ನೊಂದು. ನಮ್ಮ ಹಳ್ಳಿಗಳಲ್ಲಿ ಇದು ನಗುವ ವಿಷಯ. ಅಸ್ಸಾಂನಲ್ಲಿ ಇಂಥದ್ದೇ ಸಣ್ಣ ವ್ಯತ್ಯಾಸಗಳಿಂದ ಒಬ್ಬ ಮನುಷ್ಯ ವಿದೇಶಿಯಾದ. 2024ರ ಜುಲೈ 11ರಂದು ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. ಮೊಹಮ್ಮದ್ ರಹೀಂ ಅಲಿ ಪ್ರಕರಣ ಎಂದೇ ಅದು ಪ್ರಸಿದ್ಧ. ಅಧಿಕಾರಿಗಳು ಯಾರದ್ದೋ ಬಾಗಿಲು ತಟ್ಟಿ "ನೀನು ವಿದೇಶಿ ಅಂತ ಅನುಮಾನ" ಎಂದುಬಿಟ್ಟರೆ ಸಾಲದು, ಆ ಅನುಮಾನಕ್ಕೆ ಆಧಾರ ಇರಬೇಕು, ಆ ಆಧಾರವನ್ನು ಎದುರಿನವನಿಗೆ ಕೊಡಬೇಕು ಎಂಬುದು ತೀರ್ಪಿನ ಸಾರ.

ತೀರ್ಪು ಹಾಗಿದ್ದರೂ ನೆಲದ ಮೇಲೆ ಏನಾಯಿತು? 2025ರ ಮೇ ತಿಂಗಳಲ್ಲಿ ಕೇಂದ್ರ ಗೃಹ ಸಚಿವಾಲಯ ರಾಜ್ಯಗಳಿಗೆ ಸೂಚನೆ ಕಳಿಸಿತು. ಬಾಂಗ್ಲಾದೇಶ ಅಥವಾ ಮ್ಯಾನ್ಮಾರ್‌ನವರೆಂಬ ಶಂಕೆಯಲ್ಲಿ ಹಿಡಿದವರು ತಾವು ಭಾರತೀಯರು ಎಂದರೆ, ಅವರ ತವರು ಜಿಲ್ಲೆ 30 ದಿನಗಳಲ್ಲಿ ಪರಿಶೀಲಿಸಿ ಉತ್ತರ ಕೊಡಬೇಕು. ಕೊಡದಿದ್ದರೆ ಗಡೀಪಾರಿನ ಪ್ರಕ್ರಿಯೆ ಮುಂದುವರಿಯಬಹುದು. ಮುಂದಿನ ತಿಂಗಳೇ ದಿಲ್ಲಿಯಲ್ಲಿ ಹಿಡಿದ, ಬಂಗಾಳದ ಬೀರ್‌ಭೂಮ್ ಜಿಲ್ಲೆಯ ಬಸುರಿಯೊಬ್ಬಳನ್ನು ಗಂಡ, ಮಗನ ಸಮೇತ ಗಡಿಯಾಚೆ ತಳ್ಳಿದರು. ಆ ಕ್ರಮವನ್ನು ಕಲ್ಕತ್ತಾ ಹೈಕೋರ್ಟ್ ಸೆಪ್ಟೆಂಬರ್ 26ರಂದು ರದ್ದು ಮಾಡಿತು. ಆಕೆ ಮಗನ ಜೊತೆ ಮರಳಿದ್ದು ಡಿಸೆಂಬರ್‌ನಲ್ಲಿ.

ಆ 30 ದಿನಗಳ ನಿಯಮವನ್ನು ಇನ್ನೊಮ್ಮೆ ಓದಿ. ಸವಣೂರಿನ ಉರ್ದು ಮಾತಾಡುವ ಗುಜರಿ ವ್ಯಾಪಾರಿಯೊಬ್ಬ ದಿಲ್ಲಿಯಲ್ಲೋ ಗುರುಗ್ರಾಮದಲ್ಲೋ ಸಿಕ್ಕಿಬಿದ್ದರೆ, ಅವನ ಬದುಕು ಹಾವೇರಿ ಜಿಲ್ಲಾಡಳಿತದ ಒಂದು ಇ-ಮೇಲ್ ಮೇಲೆ ನಿಲ್ಲುತ್ತದೆ. ನಮ್ಮ ಕಚೇರಿಗಳಲ್ಲಿ ಜಾತಿ ಪ್ರಮಾಣಪತ್ರಕ್ಕೆ ಎಷ್ಟು ದಿನ ಅಲೆದಿದ್ದೀರಿ ಎಂದು ನಾನು ನಿಮಗೆ ಹೇಳಬೇಕಾಗಿಲ್ಲ.

ರಾಜ್ಯ ಏನು ಮಾಡಬಹುದು?

ಇಲ್ಲಿ ಪಟ್ಟಿ ಕೊಡುತ್ತೇನೆ. ಇದರಲ್ಲಿ ಒಂದಕ್ಕೂ ದಿಲ್ಲಿಯ ಅನುಮತಿ ಬೇಡ.

1. ಠಾಣೆಗಳಿಗೆ ಲಿಖಿತ ಕಾರ್ಯವಿಧಾನ. ಭಾಷೆ, ಹೆಸರು, ಲುಂಗಿ ನೋಡಿ ಯಾರನ್ನೂ ಹಿಡಿಯಬಾರದು. ಅನುಮಾನಕ್ಕೆ ಆಧಾರವನ್ನು ಮೊದಲೇ ಬರೆದಿಡಬೇಕು. ಸುಪ್ರೀಂ ಕೋರ್ಟ್ ಹೇಳಿದ್ದನ್ನು ಒಂದು ಸುತ್ತೋಲೆಯಾಗಿ ಮಾಡಿದರೆ ಸಾಕು. ಖಾಸಗಿ ಜನ ಮೊಬೈಲ್ ಹಿಡಿದು ತಪಾಸಣೆ ಮಾಡುವುದು ಅಪರಾಧ ಎಂದೂ ಅದರಲ್ಲೇ ಸೇರಿಸಲಿ.

2. ಮೊದಲ 24 ಗಂಟೆಯಲ್ಲೇ ವಕೀಲ. ಇಲ್ಲಿ ನಮ್ಮ ಕಾನೂನು ಅಮೆರಿಕದ್ದಕ್ಕಿಂತ ಚೆನ್ನಾಗಿದೆ, ಕಾಗದದ ಮೇಲಾದರೂ. ಅಲ್ಲಿ ವಲಸೆ ಕೋರ್ಟಿನಲ್ಲಿ ಕೇಂದ್ರ ಸರ್ಕಾರ ಪುಕ್ಕಟೆ ವಕೀಲರನ್ನು ಕೊಡುವುದಿಲ್ಲ. ಹಾಗಾಗಿ ನ್ಯೂಯಾರ್ಕ್‌ನಂಥ ರಾಜ್ಯಗಳು ತಮ್ಮ ಹಣ ಹಾಕುತ್ತವೆ. ನಮ್ಮ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಬಂಧನದಲ್ಲಿರುವ ಯಾವುದೇ ವ್ಯಕ್ತಿಗೆ, ಯಾವುದೇ ಮಹಿಳೆಗೆ, ಮಗುವಿಗೆ ಉಚಿತ ಕಾನೂನು ನೆರವು ಸಿಗಬೇಕು. "ಪೌರ" ಎಂಬ ಷರತ್ತು ಅಲ್ಲಿಲ್ಲ. ಹಾವೇರಿಯಲ್ಲಿ ಜಿಲ್ಲಾ ಪ್ರಾಧಿಕಾರ, ತಾಲ್ಲೂಕು ಕೋರ್ಟುಗಳಲ್ಲಿ ಕಾನೂನು ಸೇವಾ ಸಮಿತಿ ಇವೆ. ಸಹಾಯವಾಣಿ 15100. ಬಂಗಾಳಿ, ಅಸ್ಸಾಮಿ ಬಲ್ಲ ದುಭಾಷಿಗಳ ಪಟ್ಟಿಯೊಂದನ್ನು ರಾಜ್ಯಮಟ್ಟದಲ್ಲಿ ಇಟ್ಟುಕೊಂಡರೆ ಈ ಹಕ್ಕಿಗೆ ಬಾಯಿ ಬರುತ್ತದೆ.

3. ಕಾರ್ಮಿಕ ಇಲಾಖೆಯ ರಿಜಿಸ್ಟರ್. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡನ್ನು ಹೊರರಾಜ್ಯದ ಕೆಲಸಗಾರರೂ ಪಡೆಯಬಹುದು. ಗುತ್ತಿಗೆದಾರರಿಂದ ಕಟ್ಟುನಿಟ್ಟಾಗಿ ನೋಂದಣಿ ಮಾಡಿಸಿದರೆ, ಯಾರು ಎಲ್ಲಿಂದ ಬಂದರು ಎಂಬುದು ಕಾರ್ಮಿಕ ಇಲಾಖೆಗೆ ಮೊದಲೇ ಗೊತ್ತಿರುತ್ತದೆ. ಓಣಿಯ ಹುಡುಗರು ವಿಡಿಯೊ ಮಾಡುವ ಅಗತ್ಯ ಬೀಳುವುದಿಲ್ಲ.

4. ನಮ್ಮವರಿಗೂ ಒಂದು ಮಂಡಳಿ. ಪಶ್ಚಿಮ ಬಂಗಾಳದಲ್ಲಿ ವಲಸೆ ಕಾರ್ಮಿಕರ ಕಲ್ಯಾಣ ಮಂಡಳಿ ಇದೆ. ಹೊರರಾಜ್ಯಗಳಿಂದ ಮರಳಿದವರಿಗೆ ಗರಿಷ್ಠ ಒಂದು ವರ್ಷ ತಿಂಗಳಿಗೆ 5,000 ರೂಪಾಯಿ ಕೊಡುವ ಶ್ರಮಶ್ರೀ ಯೋಜನೆಯನ್ನು 2025ರ ಆಗಸ್ಟ್‌ನಲ್ಲಿ ಅಲ್ಲಿನ ಸರ್ಕಾರ ಘೋಷಿಸಿತು. ಚುನಾವಣೆಯ ಲೆಕ್ಕಾಚಾರ ಅದರಲ್ಲಿ ಇತ್ತು, ಅನುಮಾನವಿಲ್ಲ. ಆದರೂ ಬೀರ್‌ಭೂಮ್‌ನ ಹೆಂಗಸಿನ ಬೆನ್ನಿಗೆ ಒಂದು ರಾಜ್ಯ ನಿಂತಿತ್ತು. ಕರ್ನಾಟಕದ ಕಾರ್ಮಿಕನೊಬ್ಬ ಹೊರಗೆ ಸಿಕ್ಕಿಬಿದ್ದರೆ ಫೋನ್ ಎತ್ತುವವರು ಯಾರು?

5. ಸೊಂಡೆಕೊಪ್ಪದಂಥ ಕೇಂದ್ರಗಳಿಗೆ ಜಿಲ್ಲಾ ನ್ಯಾಯಾಧೀಶರ ನಿಯಮಿತ ಭೇಟಿ. ಎಷ್ಟು ಜನರನ್ನು ಹಿಡಿದರು, ಎಷ್ಟು ಜನ ಭಾರತೀಯರೇ ಎಂದು ಗೊತ್ತಾಗಿ ಬಿಡುಗಡೆಯಾದರು ಎಂಬ ಲೆಕ್ಕ ಪ್ರತಿ ತಿಂಗಳು ಬಹಿರಂಗವಾಗಲಿ.

"ಹಂಗಾದ್ರ ಅಕ್ರಮದವ್ರು ಇರಲಿ ಅಂತೀಯೇನು?"

ಈ ಪಟ್ಟಿಯನ್ನು ಹಾನಗಲ್ಲಿನ ಗೆಳೆಯನಿಗೆ ಓದಿ ಹೇಳಿದಾಗ ಅವನು ಕೇಳಿದ ಪ್ರಶ್ನೆ ಇದು. ನ್ಯಾಯವಾದ ಪ್ರಶ್ನೆ. ಗಡಿ ಇರುವ ದೇಶಕ್ಕೆ ಯಾರು ಬರಬೇಕು, ಯಾರು ಬಾರದು ಎಂದು ಹೇಳುವ ಹಕ್ಕಿದೆ. ಮೆಕ್ಕೆಜೋಳದ ಬೆಲೆ ಕುಸಿದು ಕೂಲಿಗೆ ನಿಂತ ಹುಡುಗನಿಗೆ, ಕಡಿಮೆ ಪಗಾರಕ್ಕೆ ದುಡಿಯುವ ಹೊರಗಿನವನ ಮೇಲೆ ಸಿಟ್ಟು ಬರುವುದು ಸಹಜ. ನನ್ನ ಪಟ್ಟಿಯಲ್ಲಿ ಗಡೀಪಾರನ್ನು ತಡೆಯುವ ಅಂಶ ಒಂದೂ ಇಲ್ಲ. ನಿಜವಾಗಿ ಅಕ್ರಮವಾಗಿ ಬಂದವನನ್ನು ಕಾನೂನಿನ ದಾರಿಯಲ್ಲಿ ಕಳಿಸಲು ಇವು ಅಡ್ಡಿ ಬರುವುದಿಲ್ಲ. ಅವನು ನಿಜವಾಗಿ ಹಾಗೆ ಬಂದವನೇ ಎಂದು ಮೊದಲು ನೋಡಿ ಎನ್ನುತ್ತವೆ, ಅಷ್ಟೇ. ಮತ್ತೆ, ಸಂವಿಧಾನದ 14 ಮತ್ತು 21ನೇ ವಿಧಿಗಳು "ಪೌರ" ಎನ್ನುವುದಿಲ್ಲ, "ವ್ಯಕ್ತಿ" ಎನ್ನುತ್ತವೆ. ಅರುಣಾಚಲದ ಚಕ್ಮಾಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲಿ ಹೇಳಿದ್ದೂ ಇದನ್ನೇ: ಪೌರನಿರಲಿ ಬಿಡಲಿ, ಪ್ರತಿಯೊಬ್ಬ ಮನುಷ್ಯನ ಜೀವ, ಸ್ವಾತಂತ್ರ್ಯ ಕಾಯುವುದು ರಾಜ್ಯದ ಹೊಣೆ. ಗುಂಪುಗಳು ಬೆದರಿಸಿ ಓಡಿಸಲು ಬಂದರೆ ತಡೆಯಬೇಕಾದದ್ದೂ ರಾಜ್ಯವೇ.

ಗೆಳೆಯನಿಗೆ ನಾನು ಗೋವಾ ನೆನಪಿಸಿದೆ. ಅವನ ಅಣ್ಣ ವಾಸ್ಕೊದಲ್ಲಿ ಗೌಂಡಿ ಕೆಲಸ ಮಾಡಿದವನು. ಅಲ್ಲಿ ಕನ್ನಡಿಗರನ್ನು "ಘಾಟಿ" ಎಂದು ಹೀಯಾಳಿಸುವುದು ಅವನಿಗೆ ಚೆನ್ನಾಗಿ ಗೊತ್ತು. 2015ರಲ್ಲಿ ಬೈನಾ ಕಡಲತೀರದಲ್ಲಿ ಕನ್ನಡಿಗರ ಮನೆಗಳನ್ನು ಕೆಡವಿದಾಗ ಇಡೀ ಕರ್ನಾಟಕ "ನಮ್ಮವರು, ಓಟರ್ ಕಾರ್ಡ್ ಇದೆ, ಹತ್ತಾರು ವರ್ಷದಿಂದ ಅಲ್ಲೇ ಇದ್ದಾರೆ" ಎಂದು ಕೂಗಿತ್ತು. ಐದೇ ವರ್ಷದಲ್ಲಿ ಕರಿಯಮ್ಮನ ಅಗ್ರಹಾರದ ಜನ ಅದೇ ಮಾತು ಹೇಳಿದಾಗ ಕೇಳಿಸಿಕೊಂಡವರು ಕಡಿಮೆ. ಗೆಳೆಯ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಣ್ಣನ ಶೆಡ್ಡೂ ಹೋತು ಆವಾಗ" ಅಂದ.

ಕಾಕಾಗೆ ಈಗ ಉತ್ತರ ಕೊಡಬಲ್ಲೆ. ಕಾಕಾ, ನೀವು ಯಾರನ್ನೂ ಕೇಳುವಂತಿರಲಿಲ್ಲ, ಯಾಕೆಂದರೆ ಕೇಳಲು ಅಂಥ ಒಂದು ಕಿಟಕಿಯನ್ನು ನಮ್ಮ ಸರ್ಕಾರ ಇನ್ನೂ ತೆರೆದಿಲ್ಲ. ತೆರೆಯಲು ಹೊಸ ಕಾನೂನು ಬೇಡ, ಒಂದು ಸುತ್ತೋಲೆ, ಒಬ್ಬ ವಕೀಲ, ಒಬ್ಬ ದುಭಾಷಿ ಸಾಕು. ಮುಂದಿನ ಸಲ ಓಟು ಕೇಳಲು ಬಂದವರನ್ನು ರಸ್ತೆ, ನೀರಿನ ಜೊತೆ ಇದನ್ನೂ ಕೇಳಿ.

ಆ ಹುಡುಗರ ಕೂಲಿಯನ್ನು ಕಾಕಾ ಫೋನ್‌ಪೇ ಮಾಡಿದರಂತೆ. ದುಡ್ಡು ತಲುಪಿದೆ. ಫೋನ್ ಮಾತ್ರ ಅವರು ಎತ್ತುತ್ತಿಲ್ಲ.